ಜಾರಲೂ ಬೇಕು, ಹಿಡಿಯಲೂ ಬೇಕು

“ಎರಡನೇ ಗೇರು ಬೀಳ್ತಾನೇ ಇಲ್ಲ ದೊಡ್ಡಪ್ಪ. ಬೆಳಿಗ್ಗೆ ಮೊದಲ ಹತ್ತು ನಿಮಿಷ ಗರ್ ಅನ್ನುತ್ತೆ. ಆಮೇಲೆ ತಾನಾಗಿಯೇ ಸರಿಹೋಗುತ್ತೆ.”

ಡೆಟ್ರಾಯ್ಟಿನ ಹೊರವಲಯದಲ್ಲಿರುವ ತಮ್ಮನ ಮಗ ಹೀಗೆಂದದ್ದು ನವೆಂಬರಿನ ಒಂದು ಬೆಳಿಗ್ಗೆ. ಹೊರಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿನ ಚಳಿ. ಗ್ಯಾರೇಜಿನಲ್ಲಿ ನಿಂತಿದ್ದದ್ದು 1994ರ ಮಾಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಎಲ್ಲರೂ ಮಿಯಾಟಾ ಎಂದೇ ಕರೆಯುವ, ಎರಡೇ ಸೀಟಿನ, ಚಾವಣಿ ಮಡಚುವ ಪುಟ್ಟ ಕಾರು. 1989ರ ಫೆಬ್ರವರಿಯಲ್ಲಿ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಮಾದರಿ 2016ರಲ್ಲಿ ಹತ್ತು ಲಕ್ಷದ ಲೆಕ್ಕ ಮುಟ್ಟಿತು. ಅದರ ಎಂಜಿನ್ ಅಂಥ ಬಲಶಾಲಿಯೇನಲ್ಲ. ಜನ ಈ ಕಾರಿಗೆ ಮನಸೋಲುವುದಕ್ಕೆ ಒಂದು ದೊಡ್ಡ ಕಾರಣ ಗೇರ್ ಲಿವರು. ನಮ್ಮ ಊರಿನ ಸಾಮಾನ್ಯ ಕಾರುಗಳಲ್ಲಿ ಲಿವರಿಗೂ ಗೇರ್‌ಬಾಕ್ಸಿಗೂ ನಡುವೆ ಉದ್ದದ ಕೇಬಲ್ ಇರುತ್ತದೆ. ಇಲ್ಲಿ ಲಿವರು ಗೇರ್‌ಬಾಕ್ಸಿನ ನೆತ್ತಿಯ ಮೇಲೇ ನೆಟ್ಟಗೆ ನಿಂತಿದೆ. ಒಳಗೆ ಏನು ನಡೆದರೂ ಅಂಗೈಗೆ ಗೊತ್ತಾಗುತ್ತದೆ. ಹಿತವೂ ಗೊತ್ತಾಗುತ್ತದೆ, ನೋವೂ ಗೊತ್ತಾಗುತ್ತದೆ.

ಗೇರ್ ಬದಲಿಸುವಾಗ ಹಲ್ಲಿನ ಚಕ್ರಗಳು ಒಂದನ್ನು ಬಿಟ್ಟು ಇನ್ನೊಂದನ್ನು ಕಚ್ಚಿಕೊಳ್ಳುತ್ತವೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಮುಂದಕ್ಕೆ ಓಡಿಸುವ ಗೇರುಗಳ ಚಕ್ರಗಳು ಸದಾ ಜೋಡಿಯಾಗಿ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಆದರೆ ಪ್ರತಿ ಜೋಡಿಯಲ್ಲೂ ಒಂದು ಚಕ್ರ ತನ್ನ ಶಾಫ್ಟಿನ ಮೇಲೆ ಸಡಿಲವಾಗಿ ಕೂತಿರುತ್ತದೆ. ತಿರುಗುತ್ತದೆ, ಶಾಫ್ಟನ್ನು ತಿರುಗಿಸುವುದಿಲ್ಲ. ನಾವು ಲಿವರ್ ಎಳೆದಾಗ ಒಳಗೆ ಸರಿಯುವುದು ಸ್ಲೀವ್ ಎಂಬ ಹಲ್ಲಿನ ಬಳೆ. ಅದು ಪಕ್ಕಕ್ಕೆ ಜರುಗಿ ಬೇಕಾದ ಚಕ್ರವನ್ನು ಶಾಫ್ಟಿಗೆ ಬೀಗ ಹಾಕುತ್ತದೆ. ಗೇರು ‘ಬೀಳುವುದು’ ಅಂದರೆ ಇದೇ.

ತೊಂದರೆ ಏನೆಂದರೆ, ಬೀಗ ಹಾಕುವ ಮುನ್ನ ಎರಡರ ವೇಗವೂ ಒಂದೇ ಆಗಬೇಕು. ಈ ಕಾರಿನ ಐದು ಗೇರುಗಳ ಅನುಪಾತ 3.136, 1.888, 1.330, 1.000 ಮತ್ತು 0.814. ಮೊದಲ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುತ್ತಿರುವಾಗ ಕ್ಲಚ್ ತುಳಿದೆವು ಎನ್ನೋಣ. ಹಿಂದಿನ ಗಾಲಿಗಳಿಗೆ ಹೋಗುವ ಶಾಫ್ಟು ಆಗ ಸುಮಾರು 1,600 ಸುತ್ತಿನಲ್ಲಿದೆ. ಅದರ ಮೇಲೆ ಸಡಿಲವಾಗಿ ಕೂತ ಎರಡನೇ ಗೇರಿನ ಚಕ್ರ ಸುಮಾರು 2,650 ಸುತ್ತಿನಲ್ಲಿ ಓಡುತ್ತಿದೆ. ಇವೆರಡೂ ಸಮವಾಗಬೇಕಾದರೆ ಕ್ಲಚ್ ತಟ್ಟೆ, ಅದರ ಶಾಫ್ಟು, ಅದಕ್ಕೆ ಅಂಟಿದ ಚಕ್ರಗಳ ಸಂಸಾರವೆಲ್ಲ 5,000ದಿಂದ 3,000ಕ್ಕೆ ಇಳಿಯಬೇಕು, ಅದೂ ನಾವು ಲಿವರ್ ಎಳೆಯುವ ಅರೆಕ್ಷಣದಲ್ಲಿ. ಒಂದರಿಂದ ಎರಡಕ್ಕೆ ಹೋಗುವಾಗ ನೂರಕ್ಕೆ 40ರಷ್ಟು ವೇಗ ಕಳೆಯಬೇಕು. ನಾಲ್ಕರಿಂದ ಐದಕ್ಕೆ ಹೋಗುವಾಗ ಬರೀ 19. ಮೊದಲು ನರಳುವುದು ಸಾಮಾನ್ಯವಾಗಿ ಎರಡನೇ ಗೇರೇ ಏಕೆ ಎಂಬ ಪ್ರಶ್ನೆಗೆ ಉತ್ತರ ಈ ಎರಡು ಅಂಕಿಗಳಲ್ಲಿದೆ. ಜೊತೆಗೆ ಪ್ರತಿ ಸಿಗ್ನಲ್ಲಿನಲ್ಲೂ ಅದಕ್ಕೆ ಕೆಲಸ ತಪ್ಪುವುದಿಲ್ಲ.

ಹೊರಟ ಬಸ್ಸು ಹತ್ತುವವನು ನಾಲ್ಕು ಹೆಜ್ಜೆ ಬಸ್ಸಿನ ಜೊತೆಗೇ ಓಡಿ, ಆಮೇಲೆ ಕಂಬಿ ಹಿಡಿಯುತ್ತಾನಲ್ಲ, ಅದೇ ಲೆಕ್ಕ. ಹಳೆಯ ಲಾರಿ ಚಾಲಕರು ಆ ನಾಲ್ಕು ಹೆಜ್ಜೆಯನ್ನು ತಾವೇ ಓಡುತ್ತಿದ್ದರು: ಕ್ಲಚ್ ತುಳಿದು ನ್ಯೂಟ್ರಲ್, ಬಿಟ್ಟು ಮತ್ತೆ ತುಳಿದು ಗೇರು. ಅದಕ್ಕೆ ಡಬಲ್ ಕ್ಲಚ್ ಎಂದು ಹೆಸರು. ನಮ್ಮ ಹಳೆಯ ಅಂಬಾಸಿಡರಿನ ಮೊದಲ ಗೇರಿಗೂ ಈ ಉಪಚಾರ ಬೇಕಿತ್ತು. ಈ ಕೆಲಸವನ್ನು ಚಾಲಕನ ಪಾದದಿಂದ ಬಿಡಿಸಿ ಯಂತ್ರದೊಳಕ್ಕೆ ಇಟ್ಟವನು ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರ್. ಅವನ ಸಿಂಕ್ರೋಮೆಶ್ 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಕ್ಯಾಡಿಲಾಕ್ ಇದೇ ಡೆಟ್ರಾಯ್ಟಿನದು. ನಾವು ನಿಂತಿದ್ದ ಗ್ಯಾರೇಜಿಗೆ ಬಹಳ ದೂರವಲ್ಲದ ಜಾಗದ ಕಥೆ.

ಇಂದಿನ ಸಿಂಕ್ರೋ ಎಂದರೆ ಮುಖ್ಯವಾಗಿ ಒಂದು ಹಿತ್ತಾಳೆಯ ಉಂಗುರ. ಒಳಮೈ ಕೊಳವೆಯಂತೆ ನೇರವಲ್ಲ, ಆಲಿಕೆಯಂತೆ ಓರೆ. ಚಕ್ರದ ಪಕ್ಕದಲ್ಲಿ ಅದೇ ಓರೆಯ ಉಕ್ಕಿನ ಶಂಕು ಇರುತ್ತದೆ. ಲಿವರ್ ಎಳೆದೊಡನೆ ಉಂಗುರ ಶಂಕುವನ್ನು ಅಪ್ಪಿ ಉಜ್ಜುತ್ತದೆ; ಆ ಘರ್ಷಣೆಯೇ ಬ್ರೇಕ್. ವೇಗ ಸಮವಾಗುವವರೆಗೂ ಉಂಗುರದ ಹಲ್ಲುಗಳು ಸ್ಲೀವಿಗೆ ಅಡ್ಡ ನಿಲ್ಲುತ್ತವೆ. ಸಮವಾದ ಕೂಡಲೇ ದಾರಿ ಬಿಡುತ್ತವೆ, ಗೇರು ಮೆತ್ತಗೆ ಬೀಳುತ್ತದೆ.

ಈಗ ಎಣ್ಣೆಯ ಪಾಡು ನೋಡಿ. ಇದೇ ಡಬ್ಬದೊಳಗೆ, ಒಂದು ಗೇಣು ಆಚೆ, ಚಕ್ರಗಳ ಹಲ್ಲುಗಳು ಒಂದನ್ನೊಂದು ಒತ್ತುವ ಜಾಗದಲ್ಲಿ ಒತ್ತಡ ವಾತಾವರಣದ ಹತ್ತು ಸಾವಿರ ಪಟ್ಟಿನ ಆಸುಪಾಸಿಗೆ ಹೋಗುತ್ತದೆ. ಅಲ್ಲಿ ಎಣ್ಣೆ ಕಚ್ಚಿ ನಿಂತು ಲೋಹಕ್ಕೆ ಲೋಹ ತಾಗದಂತೆ ಕಾಯಬೇಕು. ಹಿತ್ತಾಳೆ ಉಂಗುರದ ಹತ್ತಿರ ಮಾತ್ರ ಅದೇ ಎಣ್ಣೆ ಕ್ಷಣಮಾತ್ರದಲ್ಲಿ ಹಿಂದೆ ಸರಿದು, ಲೋಹಕ್ಕೆ ಲೋಹ ತಾಗಲು ಬಿಡಬೇಕು. ಎಣ್ಣೆ ಕೈಯಲ್ಲಿ ಬಾವಿ ಹಗ್ಗ ಹಿಡಿದರೆ ಕೊಡ ಮೇಲೆ ಬಂದೀತೆ? ಉಂಗುರದ ಒಳಮೈಯಲ್ಲಿ ಕೂದಲೆಳೆಯಂಥ ಗೆರೆಗಳನ್ನು ಕೊರೆದಿರುವುದು ಎಣ್ಣೆಯ ಪೊರೆಯನ್ನು ಕತ್ತರಿಸಿ ಓಡಿಸಲಿಕ್ಕೇ. ಹಲ್ಲಿನಲ್ಲಿ ಜಾರಬೇಕು, ಶಂಕುವಿನಲ್ಲಿ ಹಿಡಿಯಬೇಕು. ಕಾರಿನ ಎಂಜಿನ್ ಎಣ್ಣೆಯನ್ನು ಸಾಮಾನ್ಯವಾಗಿ ಇಂಥ ಎರಡು ದೋಣಿಯ ಮೇಲೆ ನಿಲ್ಲಿಸುವುದಿಲ್ಲ.

ಚಳಿಯಲ್ಲಿ ಗರ್ ಎಂದು, ಹತ್ತು ನಿಮಿಷದ ಮೇಲೆ ಸರಿಹೋಗುವುದರ ಗುಟ್ಟೂ ಇಲ್ಲಿಯೇ. ಈ ಬಗೆಯ ಎಣ್ಣೆ 40 ಡಿಗ್ರಿಯಿಂದ 100 ಡಿಗ್ರಿಗೆ ಕಾಯುವಷ್ಟರಲ್ಲಿ ಅದರ ದಪ್ಪ ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸೊನ್ನೆಗಿಂತ ಕೆಳಗೆ ಅದು ಜೇನಿನಂತೆ ಮಂದ. ಉಂಗುರದ ಕೆಳಗಿಂದ ಬೇಗ ಸರಿಯುವುದಿಲ್ಲ. ಉಂಗುರ ಶಂಕುವನ್ನು ಹಿಡಿಯುವಷ್ಟರಲ್ಲಿ ನಮ್ಮ ಕೈ ಸ್ಲೀವನ್ನು ಒಳಕ್ಕೆ ದೂಡಿರುತ್ತದೆ.

“ಹಾಗಾದ್ರೆ ಈಗ ಒಳಗಿರೋದು ಯಾವ ಎಣ್ಣೆ?” ಎಂದು ಕೇಳಿದೆ. ಹುಡುಗ ಹಿಂದಿನ ಮಾಲೀಕ ಕೊಟ್ಟಿದ್ದ ರಸೀತಿಗಳ ಕಂತೆ ತಂದ. ಯಾವುದೋ ಸರ್ವಿಸ್ ಅಂಗಡಿಯ ಬಿಲ್ಲು. ಗೇರ್‌ಬಾಕ್ಸಿಗೂ ಹಿಂದಿನ ಎರಡು ಗಾಲಿಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿಗೂ ಒಂದೇ ಎಣ್ಣೆ ಹಾಕಿದ್ದರು. 80ಡಬ್ಲ್ಯೂ-90, ಜಿಎಲ್-5, ಲಿಮಿಟೆಡ್ ಸ್ಲಿಪ್.

ಈ ಮೂರು ಗುರುತುಗಳನ್ನು ಒಂದೊಂದಾಗಿ ಬಿಡಿಸಬೇಕು. ಅಂಗಡಿಯ ಕಪಾಟಿನ ಮುಂದೆ ನಿಂತವರು ತಪ್ಪುವುದು ಇಲ್ಲೇ.

ಜಿಎಲ್-4, ಜಿಎಲ್-5 ಎಂಬುದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ವರ್ಗೀಕರಣ. ನಾಲ್ಕಕ್ಕಿಂತ ಐದು ದೊಡ್ಡದು, ಆದ್ದರಿಂದ ಉತ್ತಮ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದು ಮೇಲುಕೀಳಿನ ಮೆಟ್ಟಿಲಲ್ಲ, ಬೇರೆ ಕೆಲಸದ ಗುರುತು. ಡೆಟ್ರಾಯ್ಟಿನದೇ ಪ್ಯಾಕರ್ಡ್ ಕಂಪನಿ 1926ರಲ್ಲಿ ಹೈಪಾಯ್ಡ್ ಗೇರನ್ನು ಕಾರಿಗೆ ತಂದಿತು. ಡಿಫರೆನ್ಷಿಯಲ್ಲಿನ ಪುಟ್ಟ ಚಕ್ರವನ್ನು ದೊಡ್ಡ ಚಕ್ರದ ನಡುಮಟ್ಟಕ್ಕಿಂತ ಕೆಳಗಿಳಿಸಿದ್ದರಿಂದ ಕಾರಿನ ನೆಲವೂ ತಗ್ಗಿತು, ಸದ್ದೂ ಇಳಿಯಿತು. ಆದರೆ ಅದರ ಹಲ್ಲುಗಳು ಬರೀ ಉರುಳುವುದಿಲ್ಲ, ಉದ್ದಕ್ಕೂ ಉಜ್ಜಿಕೊಂಡು ಜಾರುತ್ತವೆ, ಎಣ್ಣೆಯ ಪೊರೆಯನ್ನು ಒರೆಸಿಹಾಕುತ್ತವೆ. ಅದಕ್ಕೆ ಔಷಧ ಗಂಧಕ ಮತ್ತು ರಂಜಕದ ಸಂಯುಕ್ತಗಳು. ಹಲ್ಲು ಕಾದ ಜಾಗದಲ್ಲೇ ಅವು ಕಬ್ಬಿಣದೊಡನೆ ಸೇರಿ ತೆಳುವಾದ ಹೊದಿಕೆಯಾಗುತ್ತವೆ. ಹಲ್ಲಿನ ಬದಲು ಆ ಹೊದಿಕೆ ಸವೆಯುತ್ತದೆ. ಒಂದು ಕಾಲದಲ್ಲಿ ಇಂಥ ಎಣ್ಣೆಗಳಿಗೆ ಗಂಧಕ ಬೆರೆಸಿದ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನೂ ಹಾಕುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದ್ದು ಆ ಜೀವಿಗಳ ಪುಣ್ಯ. ಜಿಎಲ್-5ರಲ್ಲಿ ಈ ಗಂಧಕ-ರಂಜಕದ ಪ್ರಮಾಣ ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು.

ಗಂಧಕಕ್ಕೂ ತಾಮ್ರಕ್ಕೂ ಇರುವ ನಂಟು ದೇವರ ಮನೆಯ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿದ ಎಲ್ಲರಿಗೂ ಗೊತ್ತು. ಗಾಳಿಯಲ್ಲಿನ ಚೂರು ಗಂಧಕಕ್ಕೇ ಹೊಳಪು ಮಂಕಾಗುತ್ತದೆ. ಹಿತ್ತಾಳೆಯಲ್ಲಿ ಬಹುಪಾಲು ತಾಮ್ರ. ಗಂಧಕ ಹೆಚ್ಚಿರುವ ಬಿಸಿ ಎಣ್ಣೆಯಲ್ಲಿ ವರ್ಷಗಟ್ಟಲೆ ಮುಳುಗಿದ ಉಂಗುರಕ್ಕೆ ಏನಾದೀತು? ಇದನ್ನು ನೋಡಲೆಂದೇ ಒಂದು ಪರೀಕ್ಷೆ ಇದೆ: ಉಜ್ಜಿ ಹೊಳಪೇರಿಸಿದ ತಾಮ್ರದ ಪಟ್ಟಿಯನ್ನು ಕಾದ ಎಣ್ಣೆಯಲ್ಲಿ ಮೂರು ಗಂಟೆ ಮುಳುಗಿಸಿ, ಬಣ್ಣ ಎಷ್ಟು ಕೆಟ್ಟಿತು ಎಂದು ಅಂಕ ಕೊಡುವುದು. ಆದರೆ ಜಿಎಲ್-5 ಹಾಕಿದರೆ ಹಿತ್ತಾಳೆ ಕರಗಿಯೇ ಹೋಗುತ್ತದೆ ಎಂಬ ಹೆದರಿಕೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಈಗಿನ ಒಳ್ಳೆಯ ಎಣ್ಣೆಗಳಲ್ಲಿ ತಾಮ್ರವನ್ನು ಕಾಯುವ ದ್ರವ್ಯವೂ ಇರುತ್ತದೆ. ಈ ಕಾರಿನ ಕೈಪಿಡಿಯೇ ಜಿಎಲ್-4 ಅಥವಾ ಜಿಎಲ್-5 ಎರಡೂ ಆಗಬಹುದು ಎನ್ನುತ್ತದೆ. ಸುಬಾರು ಇಂಪ್ರೆಜಾ ಡಬ್ಲ್ಯೂಆರ್‌ಎಕ್ಸ್‌ನಲ್ಲಂತೂ ಮುಂದಿನ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಹೊಟ್ಟೆಯೊಳಗೇ ಇದ್ದು, ಎರಡಕ್ಕೂ ಒಂದೇ ಎಣ್ಣೆ. ಅಲ್ಲಿ ಹೈಪಾಯ್ಡ್ ಹಲ್ಲಿನ ಜೀವ ಉಳಿಸಲು ಜಿಎಲ್-5 ಬೇಕೇ ಬೇಕು. ಮಿಯಾಟಾದ ಡಿಫರೆನ್ಷಿಯಲ್ ಹಿಂದೆ, ಬೇರೆ ಮನೆಯಲ್ಲಿದೆ. ಇದರ ಗೇರ್‌ಬಾಕ್ಸಿನಲ್ಲಿ ಹೈಪಾಯ್ಡ್ ಇಲ್ಲವೇ ಇಲ್ಲ. ಇಲ್ಲದ ರೋಗಕ್ಕೆ ಎರಡು ಪಾಲು ಔಷಧ ಏಕೆ?

ನನ್ನ ಮಟ್ಟಿಗೆ ನಿಜವಾದ ಅಪರಾಧಿ ಮೂರನೇ ಗುರುತು. ಲಿಮಿಟೆಡ್ ಸ್ಲಿಪ್ ಎಂದು ಬರೆದ ಎಣ್ಣೆಯಲ್ಲಿ ಘರ್ಷಣೆಯನ್ನೇ ತಗ್ಗಿಸುವ ದ್ರವ್ಯ ಬೆರೆಸಿರುತ್ತಾರೆ, ಡಿಫರೆನ್ಷಿಯಲ್ಲಿನ ಕ್ಲಚ್ ಬಿಲ್ಲೆಗಳು ಅದುರದೆ ಜಾರಲಿ ಎಂದು. ಅಲ್ಲಿಗೆ ಅದು ಅಮೃತ. ಉಜ್ಜಿಯೇ ಬದುಕಬೇಕಾದ ಸಿಂಕ್ರೋ ಉಂಗುರಕ್ಕೆ ಅದು ಎಣ್ಣೆ ಕೈ.

ಇನ್ನು 80ಡಬ್ಲ್ಯೂ-90. ‘90 ನಂಬರ್ ಆಯಿಲ್’ ಎಂದರೆ ಎಂಜಿನ್ನಿನ 40 ನಂಬರಿನ ಎರಡು ಪಟ್ಟು ದಪ್ಪ ಎಂದು ತಿಳಿಯುವುದು ಸಹಜ. ಎರಡಕ್ಕೂ ಅಳತೆಗೋಲು ಬೇರೆ. ಗೇರ್ ಎಣ್ಣೆಯ 90, ಎಂಜಿನ್ ಎಣ್ಣೆಯ 40-50ರ ಹತ್ತಿರದ ದಪ್ಪವೇ. ಡಬ್ಲ್ಯೂ ಎಂಬ ಅಕ್ಷರದ ಹಿಂದಿನ ಅಂಕಿ ಚಳಿಯದು: 75 ಎಂದರೆ ಮೈನಸ್ 40 ಡಿಗ್ರಿಯಲ್ಲೂ ಗೊತ್ತುಪಡಿಸಿದ ಮಿತಿ ದಾಟಿ ಗಟ್ಟಿಯಾಗಬಾರದು, 80ಕ್ಕೆ ಆ ಗಡಿ ಮೈನಸ್ 26. ಮಾಜ್ದಾ ಕೈಪಿಡಿ ಎಲ್ಲ ಕಾಲಕ್ಕೂ 75ಡಬ್ಲ್ಯೂ-90 ಹೇಳಿ, 80ಡಬ್ಲ್ಯೂ-90ಯನ್ನು 10 ಡಿಗ್ರಿಗಿಂತ ಬೆಚ್ಚಗಿನ ಊರಿಗೆ ಮಾತ್ರ ಒಪ್ಪುತ್ತದೆ. ಮೈಸೂರಿಗಾದರೆ ನಡೆದೀತು. ಮಿಷಿಗನ್ನಿನ ನವೆಂಬರಿಗೆ ಅಲ್ಲ.

ಎರಡು ಲೀಟರ್ 75ಡಬ್ಲ್ಯೂ-90, ಜಿಎಲ್-4, ಮ್ಯಾನುಯಲ್ ಗೇರ್‌ಬಾಕ್ಸಿಗೆಂದೇ ಮಾಡಿದ್ದು, ತಂದೆವು. ಹದಿನೈದು ನಿಮಿಷ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಕಾರನ್ನು ಎತ್ತಿ ನಾಲ್ಕೂ ಮೂಲೆಗೆ ಸ್ಟ್ಯಾಂಡ್ ಕೊಟ್ಟೆವು. ಮುಂದೆ ಮಾತ್ರ ಎತ್ತಿದರೆ ಗೇರ್‌ಬಾಕ್ಸು ಓರೆಯಾಗಿ ಎಣ್ಣೆಯ ಮಟ್ಟ ಸುಳ್ಳು ಹೇಳುತ್ತದೆ. ಬರೀ ಜಾಕಿಯನ್ನು ನಂಬಿ ಕಾರಿನ ಅಡಿಗೆ ತಲೆ ಕೊಡುವಂತೆಯೂ ಇಲ್ಲ.

ಹುಡುಗ ಸ್ಪ್ಯಾನರನ್ನು ನೇರ ಕೆಳಗಿನ ಬೋಲ್ಟಿಗೆ ಹಾಕಿದ. “ತಡಿಯೋ, ಮೊದಲು ತುಂಬೋ ಬಾಯಿ ಬಿಚ್ಚು” ಎಂದೆ. ತಳದ ಬೋಲ್ಟು ತೆಗೆದು ಎಣ್ಣೆ ಪೂರಾ ಇಳಿಸಿ, ಆಮೇಲೆ ಪಕ್ಕದ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿದೆ ಎಂದು ಗೊತ್ತಾದರೆ, ಕಾರು ಅಲ್ಲೇ ಕೂತಂತೆ. ಮಿಷಿಗನ್ನಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿನ ಬೋಲ್ಟುಗಳ ಹಟ ನಮ್ಮ ಕರಾವಳಿಯವರಿಗೆ ಅರ್ಥವಾದೀತು. ಉದ್ದದ ಹಿಡಿ ಹಾಕಿ, ಎರಡೂ ಕೈ ಕೊಟ್ಟ ಮೇಲೆ ಅದು ಕಿರ್ ಎಂದು ಸಡಿಲಿತು.

ಆಮೇಲೆ ತಳದ್ದು. ಕಪ್ಪು ಎಣ್ಣೆ ದಾರದಂತೆ ತಟ್ಟೆಗೆ ಇಳಿಯಿತು, ಗಂಧಕದ ಘಾಟು ಗ್ಯಾರೇಜೆಲ್ಲ ತುಂಬಿತು. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಬೂದುಬಣ್ಣದ ಮುದ್ದೆ ಅಂಟಿತ್ತು. ಬೆರಳಲ್ಲಿ ತಿಕ್ಕಿದರೆ ಕಾಡಿಗೆಯಂತೆ ನುಣ್ಣಗೆ. ಉಕ್ಕಿನ ಸವೆತ, ವಯಸ್ಸಿಗೆ ತಕ್ಕದ್ದು. ಚೂರು ಸಿಕ್ಕಿದ್ದರೆ ಹೆದರಬೇಕಿತ್ತು. ನಾನು ತಟ್ಟೆಯ ಮೇಲೆ ಟಾರ್ಚ್ ಹಿಡಿದೆ. ಎಣ್ಣೆಯೊಳಗೆ ಸಣ್ಣಗೆ ಹೊಂಬಣ್ಣದ ಮಿನುಗು, ಅಕ್ಕಸಾಲಿಯ ಅಂಗಡಿಯ ಧೂಳಿನಂತೆ. ಅಯಸ್ಕಾಂತ ಎತ್ತಲಾರದ ಹಿತ್ತಾಳೆ. “ಇದೇ ನಿನ್ನ ಸಿಂಕ್ರೋ ಕಣೋ” ಎಂದೆ. ಅವನು ಬಹಳ ಹೊತ್ತು ನೋಡುತ್ತಾ ಕೂತ.

ಗೇರ್ ಎಣ್ಣೆ ಎಂಜಿನ್ ಎಣ್ಣೆಯಂತೆ ಉರಿಯುವುದಿಲ್ಲ, ಮಸಿ ತಿನ್ನುವುದಿಲ್ಲ. ಅದಕ್ಕೇ ಎಲ್ಲರೂ ಮರೆಯುತ್ತಾರೆ. ಆದರೆ ದಪ್ಪ ಕಾಯಲೆಂದು ಬೆರೆಸಿದ ಉದ್ದನೆಯ ಪಾಲಿಮರ್ ಸರಪಳಿಗಳನ್ನು ಹಲ್ಲುಗಳು ದಿನವೂ ಕತ್ತರಿಸುತ್ತವೆ, ಔಷಧ ಖರ್ಚಾಗುತ್ತದೆ, ಈ ಪುಡಿ ಸೇರುತ್ತಾ ಹೋಗುತ್ತದೆ. ಇಂಥ ಕಾರಿಗೆ ಐವತ್ತು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ.

ಹೊಸ ವಾಷರ್ ಹಾಕಿ ತಳ ಮುಚ್ಚಿದೆವು. ತುಂಬುವ ಬಾಯಿ ಗೇರ್‌ಬಾಕ್ಸಿನ ಮಗ್ಗುಲಲ್ಲಿದೆ, ಅಲ್ಲಿಗೆ ಬಾಟಲಿ ಹೋಗುವುದಿಲ್ಲ. ಬಾನೆಟ್ ಎತ್ತಿ ಮೇಲಿಂದ ಉದ್ದದ ಪ್ಲಾಸ್ಟಿಕ್ ಕೊಳವೆ ಇಳಿಬಿಟ್ಟು, ಮೇಲಿನ ತುದಿಗೆ ಆಲಿಕೆ ಸಿಕ್ಕಿಸಿ ನಾನು ನಿಂತೆ. ಕೆಳಗಿನ ತುದಿ ಹಿಡಿದು ಅವನು ಮಲಗಿದ. ಆ ಚಳಿಗೆ ಹೊಸ ಎಣ್ಣೆಯೂ ಮೊಂಡು ಮಾಡಿತು. ಮಾಗಿಯಲ್ಲಿ ಕೊಬ್ಬರಿ ಎಣ್ಣೆಯ ಶೀಸೆಯನ್ನು ಬಿಸಿಲಿಗಿಡುವಂತೆ, ಬಾಟಲಿಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟು ತೆಗೆದ ಮೇಲೆ ಸರಾಗವಾಗಿ ಇಳಿಯಿತು. ಎರಡು ಲೀಟರ್ ಮುಗಿಯುತ್ತಾ ಬಂದಾಗ ಕೆಳಗಿಂದ ಕೂಗು: “ಸಾಕು ದೊಡ್ಡಪ್ಪ, ಆಚೆ ಬರ್ತಿದೆ!” ಬಾಯಿಯಿಂದ ಹೊರಚೆಲ್ಲಿದರೆ ಮಟ್ಟ ಸರಿಯಾಯಿತು ಎಂದೇ ಲೆಕ್ಕ.

ಲಿವರಿನ ಬುಡದಲ್ಲಿ ಇನ್ನೊಂದು ಪುಟ್ಟ ಎಣ್ಣೆಯ ಗುಂಡಿ ಇದೆ. ಗೇರ್‌ಬಾಕ್ಸಿಗೆ ಎಣ್ಣೆ ತುಂಬಿದರೂ ಅದಕ್ಕೆ ತಲುಪುವುದಿಲ್ಲ; ನೂರು ಮಿಲಿಲೀಟರಿನಷ್ಟನ್ನು ಬೇರೆಯಾಗಿಯೇ ಹಾಕಬೇಕು. ತೆಗೆದು ನೋಡಿದರೆ ರಬ್ಬರಿನ ಮುಸುಕು ಹರಿದಿತ್ತು, ಗುಂಡಿ ಬಹುತೇಕ ಒಣಗಿತ್ತು. ಅದನ್ನೂ ಸರಿಮಾಡಿದೆವು.

ಮರುದಿನ ಮೈನಸ್ ಆರು. ಅವನು ಕಾರನ್ನು ಬೀದಿಗಿಳಿಸಿ ಒಂದನೇ ಗೇರಿನಿಂದ ಎರಡಕ್ಕೆ ಎಳೆದ. ಲಿವರು ನಡುವೆ ಅರೆಗಳಿಗೆ ತಡೆದು, ಸದ್ದಿಲ್ಲದೆ ಒಳಗೆ ಹೋಯಿತು. ಆ ತಡೆ ಎಣ್ಣೆಯಿಂದ ಹೋಗುವಂಥದ್ದಲ್ಲ. ಸವೆದ ಉಂಗುರದ ಗೆರೆಗಳನ್ನು ಯಾವ ಎಣ್ಣೆಯೂ ಮತ್ತೆ ಕೊರೆಯಲಾರದು. ಮುಂದೊಂದು ದಿನ ಗೇರ್‌ಬಾಕ್ಸ್ ಇಳಿಸಿ ಉಂಗುರ ಬದಲಿಸಬೇಕು. ಅಲ್ಲಿಯವರೆಗೆ ಬೆಳಗಿನ ಮೊದಲ ಎರಡು ಮೈಲಿ ನಿಧಾನಕ್ಕೆ ಎಳೆ ಎಂದು ಹೇಳಿದೆ. ಹಳೆಯ ಎಣ್ಣೆಯನ್ನು ಹೊಸ ಎಣ್ಣೆಯ ಖಾಲಿ ಬಾಟಲಿಗಳಿಗೆ ತುಂಬಿ, ಬಳಸಿದ ಎಣ್ಣೆ ವಾಪಸ್ ತೆಗೆದುಕೊಳ್ಳುವ ಅಂಗಡಿಗೆ ಕೊಟ್ಟು ಬಂದೆವು. ದಾರಿಯಲ್ಲಿ ಎರಡನೇ ಗೇರಿಗೆ ಹಾಕುವಾಗಲೆಲ್ಲ ಅವನು ಮಾತು ನಿಲ್ಲಿಸುತ್ತಿದ್ದ.