ಒಲೆಯ ಹೊಗೆಗೊಂದು ಹಾದಿ: ತಗಡಿನ ಹೊಗೆಕೊಳವೆಯ ಅಳವಡಿಕೆ ಮತ್ತು ಪಾಲನೆ

ದಾಸೋಹವನ್ನು ಬದುಕಿನ ಧರ್ಮವಾಗಿಸಿಕೊಂಡ ಪರಂಪರೆ ನಮ್ಮದು. ಹಸಿದು ಬಂದವರಿಗೆ ನೀಡುವ ಅನ್ನ ಪ್ರಸಾದವಾಗುವುದಕ್ಕೆ ಮುನ್ನ ಒಲೆಯ ಮೇಲೆ ಬೇಯಬೇಕು. ಆ ಒಲೆಯ ಮುಂದೆ ಕುಳಿತ ತಾಯಿ ಎಷ್ಟು ಹೊಗೆ ಕುಡಿದಳೆಂದು ಉಂಡವರು ಕೇಳುವುದು ಮಾತ್ರ ಅಪರೂಪ.

ಅಡುಗೆ ಅನಿಲ ಇಂದು ಬಹುತೇಕ ಮನೆಗಳನ್ನು ತಲುಪಿದೆ. ಆದರೂ ರೊಟ್ಟಿ ಬಡಿಯಲು, ಸ್ನಾನದ ನೀರು ಕಾಯಿಸಲು, ಹಬ್ಬ ಜಾತ್ರೆಗಳ ದೊಡ್ಡ ಅಡುಗೆಗೆ ಕಟ್ಟಿಗೆ, ಕುಳ್ಳು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗಳನ್ನೇ ನೆಚ್ಚಿದ ಮನೆಗಳು ನಮ್ಮ ಹಳ್ಳಿಗಳಲ್ಲಿ ಬಹಳಷ್ಟಿವೆ. ಅಂಥ ಮನೆಗಳಿಗಾಗಿ ಈ ಲೇಖನ.

ಹೊಗೆ ಮಾಡುವ ಹಾನಿ

ಕಟ್ಟಿಗೆಯ ಹೊಗೆಯಲ್ಲಿ ಕಣ್ಣಿಗೆ ಕಾಣದ ಅತಿಸೂಕ್ಷ್ಮ ಕಣಗಳೂ ಇಂಗಾಲದ ಮಾನಾಕ್ಸೈಡ್ ಅನಿಲವೂ ಇರುತ್ತವೆ. ಕಣಗಳು ಶ್ವಾಸಕೋಶದ ಆಳಕ್ಕಿಳಿದು ಕೆಮ್ಮು, ಉಬ್ಬಸಗಳಿಂದ ತೊಡಗಿ ಶ್ವಾಸನಾಳಗಳನ್ನು ಶಾಶ್ವತವಾಗಿ ಕಿರಿದಾಗಿಸುವ ಕಾಯಿಲೆಗೆ ದಾರಿಮಾಡುತ್ತವೆ. ಹೃದ್ರೋಗ, ಪಾರ್ಶ್ವವಾಯು, ಕಣ್ಣಿನ ಪೊರೆ ಇವುಗಳಿಗೂ ಅಡುಗೆಮನೆಯ ಹೊಗೆಗೂ ಸಂಬಂಧವಿದೆ. ಬೀಡಿ ಸಿಗರೇಟು ಮುಟ್ಟದ ಅಜ್ಜಿಯರು ನಾಲ್ಕು ಹೆಜ್ಜೆಗೆ ಏದುಸಿರು ಬಿಡುವುದಕ್ಕೆ ಅನೇಕ ವೇಳೆ ಕಾರಣ ಇದೇ. ತಾಯಿಯ ಮಗ್ಗುಲಲ್ಲಿ ಕುಳಿತ ಕೂಸಿಗೆ ನ್ಯುಮೋನಿಯಾ ತಗಲುವ ಸಂಭವವೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಮಂದಿ ಅಸುನೀಗಿದರು. ಅವರಲ್ಲಿ 2.37 ಲಕ್ಷ ಮಕ್ಕಳು ಐದು ವರ್ಷದೊಳಗಿನವರು.

ಈ ತೊಂದರೆಗೆ ಪರಿಹಾರ ಹುಡುಕುವ ಯತ್ನ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭಗೊಂಡ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆ ಕಟ್ಟಿಗೆಯನ್ನು ಉಳಿಸುವುದರ ಜೊತೆಗೆ ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸಿತು.

ಕೊಳವೆಯ ಆಯ್ಕೆ

ಬಿಸಿಯಾದ ಹೊಗೆ ಹಗುರವಾಗಿ ಮೇಲೇರುತ್ತದೆ. ಏರುವಾಗ ಒಲೆಯ ಬಾಯಿಯಿಂದ ಹೊಸ ಗಾಳಿಯನ್ನು ಸೆಳೆಯುತ್ತದೆ. ಕೊಳವೆ ಬೆಚ್ಚಗಿದ್ದು ನೆಟ್ಟಗೆ ಎತ್ತರಕ್ಕೆ ಹೋದಷ್ಟೂ ಈ ಸೆಳೆತ ಬಲವಾಗುತ್ತದೆ.

ಮನೆಯ ಒಲೆಗೆ ಸಾಮಾನ್ಯವಾಗಿ 4 ಅಂಗುಲ ವ್ಯಾಸದ ಕೊಳವೆ ಬಳಕೆಯಲ್ಲಿದೆ. ಒಲೆಯ ಹೊಗೆಬಾಯಿಗಿಂತ ಕಿರಿದಾದ ಕೊಳವೆಯನ್ನು ಎಂದಿಗೂ ಕೂಡಿಸಬಾರದು. ಸತುವು ಲೇಪಿಸಿದ ಜಿಐ ತಗಡು ಅಗ್ಗವಾದರೂ ಅತಿಯಾದ ಕಾವಿಗೆ ಲೇಪ ಕೆಡುತ್ತದೆ, ಅದರಿಂದ ಏಳುವ ಆವಿಯೂ ಹಿತವಲ್ಲ. ಆದ್ದರಿಂದ ಒಲೆಗೆ ಹತ್ತಿದ ಮೊದಲ ತುಂಡಾದರೂ ಲೇಪವಿಲ್ಲದ ಉಕ್ಕಿನದೋ ಸ್ಟೇನ್‌ಲೆಸ್ ಸ್ಟೀಲಿನದೋ ಆಗಿರಲಿ. ಎರಡು ಪದರಗಳ ನಡುವೆ ಶಾಖ ತಡೆಯುವ ಉಣ್ಣೆ ತುಂಬಿದ ಸಿದ್ಧ ಕೊಳವೆಗಳೂ ದೊರೆಯುತ್ತವೆ. ಬೆಲೆ ಹೆಚ್ಚಾದರೂ ಅವುಗಳಲ್ಲಿ ಹೊಗೆ ಬೇಗ ತಣಿಯದ ಕಾರಣ ಮಸಿ ಕಡಿಮೆ ಕಟ್ಟುತ್ತದೆ.

ಹಳೆಯ ಒಲೆಗಳಿಗೆ ಕಲ್ನಾರಿನ ಕೊಳವೆ ಇದ್ದಲ್ಲಿ ಅದನ್ನು ಕೊಯ್ಯುವುದಾಗಲಿ, ಒಡೆಯುವುದಾಗಲಿ, ಉಜ್ಜುವುದಾಗಲಿ ಸಲ್ಲದು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು.

ಅಳವಡಿಸುವ ಕ್ರಮ

ಮೇಲಿನ ತುಂಡಿನ ತುದಿ ಕೆಳಗಿನ ತುಂಡಿನ ಒಳಗೆ ಕೂಡಬೇಕು. ಆಗ ಒಳಗೆ ಇಳಿಯುವ ಜಿಗುಟು ಮಸಿ ಸಂದಿಯಿಂದ ಹೊರಗೆ ಸೋರದೆ ಒಲೆಯತ್ತಲೇ ಇಳಿಯುತ್ತದೆ. ಪ್ರತಿ ಕೂಡಿಕೆಗೂ ಮೂರು ತಿರುಪು ಬಿಗಿದು, ಕಾವು ತಾಳುವ ಮೆತ್ತುವಸ್ತುವಿನಿಂದ ಸಂದಿ ಮುಚ್ಚಬೇಕು. ತಿರುವುಗಳು ಎರಡನ್ನು ಮೀರದಿರಲಿ. ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವಿರುವ ಬಾಯೊಂದು ಇರಲೇಬೇಕು.

ಒಂಟಿ ಪದರದ ಕೊಳವೆಗೂ ಮರ, ಬಟ್ಟೆ, ಹುಲ್ಲಿನಂಥ ಉರಿಯುವ ವಸ್ತುಗಳಿಗೂ ನಡುವೆ ಒಂದೂವರೆ ಅಡಿಯಾದರೂ ಅಂತರ ಬೇಕು. ಜಂತಿಗಳಿರುವ ಮಾಳಿಗೆಯ ಮೂಲಕವೂ ಗರಿಯ ಛಾವಣಿಯ ಮೂಲಕವೂ ಅದನ್ನು ಹಾಯಿಸಬಾರದು. ಮಣ್ಣಿನ ಇಲ್ಲವೆ ಇಟ್ಟಿಗೆಯ ಗೋಡೆಯಿಂದ ಹೊರತಂದು, ಸೂರಿನಿಂದ ದೂರದಲ್ಲಿ ಮೇಲಕ್ಕೆ ಒಯ್ಯುವುದು ಕ್ಷೇಮ. ತುದಿಯು ಛಾವಣಿಯಿಂದ ಕನಿಷ್ಠ 3 ಅಡಿ ಮೇಲಿರಬೇಕು. ಸುತ್ತಲ 10 ಅಡಿಯೊಳಗಿನ ಯಾವುದೇ ಗೋಡೆ ಅಥವಾ ಛಾವಣಿಗಿಂತ 2 ಅಡಿ ಎತ್ತರವೂ ಇರಬೇಕು. ಇಲ್ಲವಾದರೆ ಗಾಳಿ ಬೀಸಿದಾಗ ಹೊಗೆ ಹಿಂದಿರುಗುತ್ತದೆ. ಮಳೆನೀರು ತಡೆಯಲು ಮೇಲೊಂದು ಟೋಪಿ ಅಗತ್ಯ. ಮಕ್ಕಳ ಕೈಗೆಟಕುವಷ್ಟು ಎತ್ತರದವರೆಗೆ ಸುತ್ತ ಜಾಲರಿ ಕಟ್ಟಿದರೆ ಸುಟ್ಟಗಾಯ ತಪ್ಪುತ್ತದೆ.

ಅಮಾವಾಸ್ಯೆಗೊಮ್ಮೆ ಶುದ್ಧಿ

ಕೊಳವೆ ನಿಲ್ಲಿಸಿದ ಮಾತ್ರಕ್ಕೆ ಆರೋಗ್ಯ ಬಾರದು. ಅರ್ಥಶಾಸ್ತ್ರಜ್ಞರಾದ ರೇಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಅವರು ಒಡಿಶಾದ ಸುಮಾರು 2,600 ಕುಟುಂಬಗಳನ್ನು ವರ್ಷಗಟ್ಟಲೆ ಗಮನಿಸಿದರು. ಚಿಮಣಿಯುಳ್ಳ ಒಲೆ ಬಂದ ಮೊದಲ ವರ್ಷ ಹೊಗೆ ಸೇವನೆ ತಗ್ಗಿತು. ಮುಂದೆ ಆ ಲಾಭ ಕರಗಿಹೋಯಿತು. ಒಲೆಗಳನ್ನು ತಪ್ಪದೆ ಬಳಸಲಿಲ್ಲ, ಸರಿಯಾಗಿ ಪಾಲಿಸಲಿಲ್ಲ ಎಂಬುದೇ ಅದಕ್ಕೆ ಕಾರಣ.

ದಿನವೂ ಉರಿಯುವ ಒಲೆಯ ಕೊಳವೆಯನ್ನು ತಿಂಗಳಿಗೊಮ್ಮೆ ಶುಚಿಗೊಳಿಸಬೇಕು. ಅಮಾವಾಸ್ಯೆಯ ದಿನವನ್ನು ಇದಕ್ಕೆ ಗೊತ್ತುಮಾಡಿಕೊಂಡರೆ ಮರೆವಿಗೆ ಆಸ್ಪದವಿಲ್ಲ. ಒಲೆ ಪೂರ್ತಿ ಆರಿದ ಮೇಲೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಉದ್ದನೆಯ ಗಳಕ್ಕೆ ಕಟ್ಟಿದ ಕುಂಚದಿಂದ ಒಳಮೈ ಉಜ್ಜಿ, ಬುಡದ ಬಾಯಿಂದ ಮಸಿಯನ್ನು ತೆಗೆಯಬೇಕು. ಹಕ್ಕಿಗೂಡು, ತುಕ್ಕು, ತೂತು, ಸಡಿಲ ತಿರುಪುಗಳಿವೆಯೇ ಎಂದು ನೋಡಬೇಕು. ಹಸಿ ಕಟ್ಟಿಗೆಯಿಂದ ಜಿಗುಟು ಮಸಿ ಬೇಗ ಕಟ್ಟುವುದರಿಂದ ಒಣಗಿದ, ಸೀಳಿದ ಕಟ್ಟಿಗೆಯನ್ನೇ ಉರಿಸಬೇಕು. ಪ್ಲಾಸ್ಟಿಕ್ ಚೀಲ, ಹಳೆಯ ಟೈರುಗಳನ್ನು ಒಲೆಗೆ ಹಾಕಲೇಬಾರದು.

ಮಸಿ ದಪ್ಪಗೆ ಕಟ್ಟಿದರೆ ಕೊಳವೆಯೊಳಗೇ ಬೆಂಕಿ ಹೊತ್ತಿ ಭೋರ್ಗರೆಯುವುದುಂಟು. ಆಗ ಒಲೆಯ ಬಾಯಿ ಮುಚ್ಚಿ ಗಾಳಿ ತಡೆದು, ಮನೆಯವರೆಲ್ಲ ಹೊರಬಂದು, 101ಕ್ಕೆ ಅಥವಾ 112ಕ್ಕೆ ಕರೆಮಾಡಬೇಕು. ಕೊಳವೆಗೆ ನೀರು ಸುರಿಯಬಾರದು.

ಮುಚ್ಚಿದ ಬಚ್ಚಲುಮನೆಯಲ್ಲಿ ನೀರೊಲೆ ಉರಿಯುತ್ತಿರುವಾಗ ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಅದು ಇಂಗಾಲದ ಮಾನಾಕ್ಸೈಡಿನ ಸೂಚನೆಯಿರಬಹುದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೂಡಲೇ ಹೊರಗಿನ ಗಾಳಿಗೆ ಬಂದು ವೈದ್ಯರನ್ನು ಕಾಣಬೇಕು. ಕೊಳವೆಯಿದ್ದರೂ ಕಿಟಕಿ, ಬೆಳಕಿಂಡಿ ತೆರೆದೇ ಇರಲಿ.

ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಕಲಿಸಿದವರು ಶರಣರು. ಅಡುಗೆ ಹೆಂಗಸರ ಪಾಲು, ಏಣಿ ಹತ್ತಿ ಕೊಳವೆ ಉಜ್ಜುವುದು ಯಾರ ಪಾಲೂ ಅಲ್ಲ ಎಂಬಂತಾದರೆ ಹೊಗೆ ಮತ್ತೆ ಮನೆ ತುಂಬುತ್ತದೆ. ಮನೆಯ ಗಂಡಸರು ತಿಂಗಳಲ್ಲಿ ಅರ್ಧ ತಾಸು ಈ ಕಾಯಕಕ್ಕೆ ಮೀಸಲಿಡಲಿ. ಅನ್ನ ನೀಡುವ ತಾಯಿಯ ಉಸಿರನ್ನು ಕಾಯುವುದೂ ದಾಸೋಹವೇ.