ಆರತಿ ತಟ್ಟೆಯಲ್ಲೊಂದು ಪ್ರಯೋಗ

ಮದುಮಕ್ಕಳು ಮನೆಗೆ ಬಂದಾಗ ಎತ್ತುವ ಕೆಂಪಾರತಿ ನೀವು ನೋಡಿದ್ದೀರಿ. ಆ ನೀರಿಗೆ ಹಾಕುವುದು ಅರಿಶಿನ ಮತ್ತು ಸುಣ್ಣ, ಎರಡೂ ಕೆಂಪಲ್ಲ! ಅರಿಶಿನದಲ್ಲಿರುವ ಕರ್ಕ್ಯುಮಿನ್ ಸುಣ್ಣದ ಕ್ಷಾರಗುಣದಿಂದ ಮಾರ್ಪಟ್ಟು ಕೆಂಪಾಗುತ್ತದೆ. ಬಣ್ಣ ಬದಲಾಗುವುದು ರಾಸಾಯನಿಕ ಬದಲಾವಣೆಯ ಒಂದು ಗುರುತು. ಸಾಕಷ್ಟು ನಿಂಬೆರಸ ಹಿಂಡಿ, ಹಳದಿ ಮರಳುತ್ತದೆ. "ರಾಸಾಯನಿಕ ಬದಲಾವಣೆ ಹಿಂದಕ್ಕೆ ಬಾರದು" ಎಂದು ಬಾಯಿಪಾಠ ಮಾಡಿದವರು ಇಲ್ಲಿ ತುಸು ಯೋಚಿಸಬೇಕು.

ಗುರುತುಗಳನ್ನು ಕುರುಡಾಗಿ ನಂಬಿ ನಾನೂ ಮೋಸಹೋದವಳೇ. ನಾನು ಓದಿದ್ದು ಇಂಗ್ಲಿಷ್ ಬಿ.ಎ. ಮಗ ಏಳನೇ ತರಗತಿಯಲ್ಲಿದ್ದಾಗ "ಗುಳ್ಳೆ ಬರುವುದರಿಂದ ನೀರು ಕುದಿಯುವುದು ರಾಸಾಯನಿಕ ಬದಲಾವಣೆ" ಎಂದು ಬರೆದು ಅಂಕ ಕಳೆದುಕೊಂಡ. ಹೇಳಿಕೊಟ್ಟವಳು ನಾನೇ! ಆ ನಾಚಿಕೆಯಿಂದಲೇ ಇಬ್ಬರೂ ಅಡುಗೆಮನೆಯಲ್ಲಿ ನಿಂತು ಕಲಿತೆವು. ಕುದಿಯುವ ನೀರಿನ ಗುಳ್ಳೆ ನೀರಿನದೇ ಆವಿ. ಮುಚ್ಚಳಕ್ಕೆ ತಾಗಿ ತಣಿದರೆ ಮತ್ತೆ ನೀರು. ಅಡುಗೆ ಸೋಡಾಕ್ಕೆ ನಿಂಬೆರಸ ಬಿದ್ದಾಗ ಏಳುವ ಗುಳ್ಳೆಯಾದರೋ ಹೊಸ ವಸ್ತು, ಇಂಗಾಲದ ಡೈಆಕ್ಸೈಡ್.

ನಿಮ್ಮ ಉಸಿರಿನಲ್ಲೂ ಅದೇ ಅನಿಲವಿದೆ. ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಸ್ಟ್ರಾದಿಂದ ಅದಕ್ಕೆ ಮೆಲ್ಲಗೆ ಊದಿ, ತಿಳಿನೀರು ಹಾಲಿನಂತಾಗುತ್ತದೆ. ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಹುಟ್ಟಿತು! ಆದರೆ ಎಚ್ಚರ, ಸುಣ್ಣದ ನೀರನ್ನು ಹೀರಬಾರದು, ಕಣ್ಣಿಗೆ ಸಿಡಿಯಬಾರದು. ದೊಡ್ಡವರು ಪಕ್ಕದಲ್ಲಿರಲಿ.

ಬಣ್ಣ, ಗುಳ್ಳೆ, ಬಿಸಿ, ಗಸಿ ಇವೆಲ್ಲ ಬರಿಯ ಸುಳಿವುಗಳು. ಕೇಳಬೇಕಾದ ಪ್ರಶ್ನೆ ಒಂದೇ: ಹೊಸ ವಸ್ತು ಹುಟ್ಟಿತೇ? ಮುಂದಿನ ಸಲ ಅಜ್ಜಿ ಆರತಿ ನೀರು ಕಲಸುವಾಗ ಪಕ್ಕದಲ್ಲಿ ನಿಂತು ನೋಡಿ. ನಿಮ್ಮ ಮೊದಲ ಪ್ರಯೋಗಶಾಲೆ ಅಲ್ಲೇ ಇದೆ.