ತಾಳಕ್ಕೆ ಕುಣಿಯದ ಗಾಳಿಗೊಂಬೆ

ಆಷಾಢಮಾಸದಲ್ಲಿ ನಡೆಯುವ ರಾಮನಗರದ ಚಾಮುಂಡೇಶ್ವರಿ ಕರಗವನ್ನು ನೋಡಿದವರಿಗೆ ಆ ರಾತ್ರಿಯ ದೀಪಾಲಂಕಾರದ ಪರಿಚಯ ಇದ್ದೇ ಇರುತ್ತದೆ. ಮಾಗಡಿಯ ರಂಗನಾಥಸ್ವಾಮಿಯ ತೇರು, ಕನಕಪುರ ಸೀಮೆಯ ಕಬ್ಬಾಳಮ್ಮನ ಜಾತ್ರೆ ಮೊದಲಾದ ಉತ್ಸವಗಳಲ್ಲಿಯೂ ಸೀರಿಯಲ್ ಸೆಟ್ಟುಗಳ ಮಿನುಗನ್ನು ನಾವು ಕಾಣುತ್ತೇವೆ. ದೀಪಗಳಿಂದ ರಚಿಸಿದ ನವಿಲು ಗರಿಬಿಚ್ಚುತ್ತದೆ, ಚಕ್ರ ತಿರುಗುತ್ತದೆ. ಈಚೆಗಂತೂ ವಾದ್ಯದ ತಾಳಕ್ಕೆ ಸರಿಯಾಗಿ ದೀಪಗಳು ಆರಿ ಹತ್ತುತ್ತವೆ. ಅಲಂಕಾರದ ಸಾಮಗ್ರಿಗಳಿಗೆ ಈ ಕಾಲದಲ್ಲಿ ಇನ್ನೊಂದು ಸೇರಿದೆ. ಅದೇ ಗಾಳಿಗೊಂಬೆ. ತೆಳುವಾದ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯಿಂದ ಆನೆಯನ್ನೋ ಕಮಾನನ್ನೋ ಹೊಲಿದು, ಬ್ಲೋಯರ್ ಎಂಬ ಗಾಳಿಯೂದುವ ಯಂತ್ರದಿಂದ ಅದನ್ನು ಉಬ್ಬಿಸಿ ನಿಲ್ಲಿಸುತ್ತಾರೆ. ದೀಪವು ತಾಳಕ್ಕೆ ಕುಣಿಯುವಂತೆ ಗೊಂಬೆಯನ್ನೂ ಏಕೆ ಕುಣಿಸಬಾರದು? ಪ್ರಶ್ನೆ ಸಹಜವಾದುದು, ಉತ್ತರದಲ್ಲಿ ಭೌತಶಾಸ್ತ್ರದ ಅನೇಕ ಪಾಠಗಳು ಅಡಗಿವೆ.

ಮೊದಲು ದೀಪವನ್ನು ಕುಣಿಸುವ ಬಗೆಯನ್ನು ನೋಡೋಣ. ಮೈಸೂರಿನ ಅರಮನೆಯ ಸುಮಾರು ಒಂದು ಲಕ್ಷ ದೀಪಗಳಿಗೆ ಇರುವ ಮುಖ್ಯ ಕೆಲಸವೆಂದರೆ ಒಮ್ಮೆಗೇ ಹತ್ತುವುದು. ಓಡುವ ದೀಪಗಳ ವಿಷಯ ಹಾಗಲ್ಲ. ಹಿಂದೆ ಇದಕ್ಕಾಗಿ ಮರದ ಉರುಳೆಯೊಂದನ್ನು ಮೋಟಾರಿನಿಂದ ತಿರುಗಿಸುತ್ತಿದ್ದರು. ಉರುಳೆಯ ಮೈಮೇಲೆ ಲೋಹದ ಪಟ್ಟಿಗಳು. ಅವನ್ನು ಸವರುವಂತೆ ಸಾಲಾಗಿ ಲೋಹದ ನಾಲಗೆಗಳು. ಪಟ್ಟಿಯು ನಾಲಗೆಗೆ ತಗುಲಿದಷ್ಟು ಹೊತ್ತು ಆ ಸಾಲಿನ ದೀಪ ಬೆಳಗುವುದು. ಪಟ್ಟಿಗಳ ವಿನ್ಯಾಸವೇ ನವಿಲಿನ ನಾಟ್ಯದ ಲಿಪಿ! ಬಂಗಾಳದ ಚಂದನನಗರದ ಕುಶಲಿಗಳು ಈ ಬಗೆಯ ದೀಪಚಿತ್ರಗಳಿಗೆ ಹೆಸರಾದವರು.

ಇಂದು ಉರುಳೆಯ ಸ್ಥಾನವನ್ನು ಗಣಕವು ಆಕ್ರಮಿಸಿದೆ. ರಂಗಭೂಮಿಯ ದೀಪಗಳಿಗಾಗಿ 1986ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಡಿಎಂಎಕ್ಸ್ 512 ಎಂಬ ಪದ್ಧತಿಯಲ್ಲಿ ಒಂದೇ ಕೇಬಲ್ಲಿನ ಮೂಲಕ 512 ದಾರಿಗಳಿಗೆ ಆಜ್ಞೆಗಳು ಸಾಗುತ್ತವೆ. ಪ್ರತಿಯೊಂದು ಆಜ್ಞೆಯೂ 0ಯಿಂದ 255ರ ವರೆಗಿನ ಒಂದು ಸಂಖ್ಯೆ. 0 ಎಂದರೆ ಕತ್ತಲೆ, 255 ಎಂದರೆ ಪೂರ್ಣಪ್ರಕಾಶ. ಎಲ್ಲ 512 ಸಂಖ್ಯೆಗಳೂ ಸೆಕೆಂಡಿಗೆ ಸುಮಾರು 44 ಬಾರಿ ಹೊಸದಾಗಿ ಬರುತ್ತವೆ. ಎಲ್‌ಇಡಿ ದೀಪವು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತ ಕಡಮೆ ಅವಧಿಯಲ್ಲಿ ಹತ್ತಬಲ್ಲುದಾದ್ದರಿಂದ ಅದಕ್ಕೆ ಈ ವೇಗವು ಒಂದು ಲೆಕ್ಕವೇ ಅಲ್ಲ.

ಆದರೆ ದೀಪದ ಜಾಗದಲ್ಲಿ ಬ್ಲೋಯರನ್ನು ಜೋಡಿಸಿದೊಡನೆ ತೊಡಕುಗಳು ಪ್ರಾರಂಭವಾಗುತ್ತವೆ. ನಾಲ್ಕು ಮೀಟರ್ ಎತ್ತರದ ಗೊಂಬೆಯ ಗಾತ್ರ 3 ಘನ ಮೀಟರ್ ಎಂದೂ, ಬ್ಲೋಯರು ಸೆಕೆಂಡಿಗೆ 0.05 ಘನ ಮೀಟರ್ ಗಾಳಿಯನ್ನು ಊದುವುದೆಂದೂ ಭಾವಿಸೋಣ. ಗೊಂಬೆ ತುಂಬಲು 60 ಸೆಕೆಂಡು ಬೇಕು. ಸೆಕೆಂಡಿಗೆ ಎರಡು ಏಟು ಬೀಳುವ ತಾಳವಾದರೆ, ಗೊಂಬೆ ಎದ್ದು ನಿಲ್ಲುವುದರೊಳಗೆ 120 ಏಟುಗಳು ಕಳೆದುಹೋಗಿರುತ್ತವೆ.

ಮೋಟಾರಿನದು ಇನ್ನೊಂದು ತಕರಾರು. ಇಂಥ ಬ್ಲೋಯರುಗಳಲ್ಲಿ ಸಾಮಾನ್ಯವಾಗಿರುವುದು ಪ್ರೇರಣ ಮೋಟಾರು. ನಿಂತ ಸ್ಥಿತಿಯಿಂದ ಹೊರಡುವಾಗ ಅದು ಎಳೆದುಕೊಳ್ಳುವ ವಿದ್ಯುತ್ಪ್ರವಾಹವು ಓಡುವಾಗಿನ ಪ್ರವಾಹಕ್ಕಿಂತ ಹಲವು ಪಟ್ಟು ಹೆಚ್ಚು. ತಾಳಕ್ಕೊಮ್ಮೆ ನಿಲ್ಲಿಸಿ ಹೊರಡಿಸಿದರೆ ಸುರುಳಿಗಳು ಕಾದು ಸುಟ್ಟುಹೋಗುತ್ತವೆ. ಹಾಗಾದರೆ ದೀಪದಂತೆ ಮಂದಗೊಳಿಸಬಹುದೇ? ಪ್ರೇರಣ ಮೋಟಾರಿನ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ವಿದ್ಯುತ್ತಿನ ಆವೃತ್ತಿ, ಎಂದರೆ ನಮ್ಮ ದೇಶದ 50 ಹರ್ಟ್ಸ್. ಡಿಮ್ಮರು ವೋಲ್ಟೇಜನ್ನು ಕತ್ತರಿಸಬಲ್ಲುದು, ಆವೃತ್ತಿಯನ್ನು ಬದಲಿಸಲಾರದು. ಮೋಟಾರು ಗುಂಯ್‌ಗುಡುತ್ತದೆ, ಕಾಯುತ್ತದೆ. ಮನೆಯ ಸೀಲಿಂಗ್ ಫ್ಯಾನಿಗೆ ರೆಗ್ಯುಲೇಟರು ಇಲ್ಲವೇ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಆ ಮೋಟಾರು ಆವೃತ್ತಿಯ ಹಿಂದೆ ಬಹಳವಾಗಿ ಜಾರಿಬೀಳುವುದನ್ನು ಸಹಿಸುವಂತೆ ನಿರ್ಮಿತವಾದದ್ದು. ಬ್ಲೋಯರಿಗೂ ಅಂಥದನ್ನೇ ಹಾಕಿದೆವೆನ್ನಿ. ಆಗಲೂ ವೇಗ ಅರ್ಧವಾದರೆ ಗಾಳಿಯ ಒತ್ತಡವು ಅರ್ಧವಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಒತ್ತಡವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದೇ ಇದಕ್ಕೆ ಕಾರಣ. ಗೊಂಬೆ ಮಂದವಾಗುವುದಿಲ್ಲ, ಕುಸಿಯುತ್ತದೆ.

ಆದಕಾರಣ ಬ್ಲೋಯರಿಗೆ ‘ಓಡು’, ‘ನಿಲ್ಲು’ ಎಂಬ ಎರಡೇ ಆಜ್ಞೆಗಳನ್ನು ಕೊಡುವ ರಿಲೇ ಸ್ವಿಚ್ಚು ಯುಕ್ತವಾದುದು. ಇಲ್ಲಿಯೂ ಒಂದು ಸೂಕ್ಷ್ಮವಿದೆ. 128ಕ್ಕಿಂತ ಹೆಚ್ಚಿನ ಸಂಖ್ಯೆ ಬಂದರೆ ಓಡು, ಕಡಮೆಯಾದರೆ ನಿಲ್ಲು ಎಂದು ವಿಧಿಸಿದೆವೆಂದುಕೊಳ್ಳೋಣ. ಸಂಖ್ಯೆಯು 127, 129, 127 ಎಂದು ತೂಗಾಡತೊಡಗಿದರೆ ರಿಲೇಯು ಕಟಕಟನೆ ಹಲ್ಲು ಕಡಿಯುತ್ತದೆ. ಪ್ರತಿ ಸಲ ಬಿಟ್ಟಾಗಲೂ ಸುರುಳಿಯ ಸ್ವಪ್ರೇರಣೆಯಿಂದ ಕಿಡಿ ಹಾರಿ ಸಂಪರ್ಕಬಿಂದುಗಳು ಸವೆಯುತ್ತವೆ. 150ನ್ನು ದಾಟಿದಾಗ ಓಡು, 100ಕ್ಕಿಂತ ಇಳಿದಾಗ ನಿಲ್ಲು ಎಂದು ನಡುವೆ ಅಂತರವನ್ನಿಟ್ಟರೆ ಈ ಉಪದ್ರವ ತಪ್ಪುತ್ತದೆ.

ಬಲ್ಲವರು ಮಾಡುವುದೇ ಬೇರೆ. ಬ್ಲೋಯರನ್ನು ಎಡೆಬಿಡದೆ ಓಡಲು ಬಿಟ್ಟು, ಗೊಂಬೆಯ ಹೊಟ್ಟೆಯೊಳಗಿನ ಎಲ್‌ಇಡಿಗಳನ್ನು ತಾಳಕ್ಕೆ ಕುಣಿಸುತ್ತಾರೆ. ನಿಂತ ಗೊಂಬೆಯೇ ಉಸಿರಾಡಿದಂತೆ ಕಾಣುತ್ತದೆ. ಅಂಗಡಿಗಳ ಮುಂದೆ ಬಳುಕುವ ಕೊಳವೆಮನುಷ್ಯನಿಗಾದರೋ ಆಜ್ಞೆಯೇ ಬೇಡ. ಕೊಳವೆ ಮಡಿಚಿಕೊಂಡಾಗ ಗಾಳಿಯ ದಾರಿ ಕಟ್ಟುತ್ತದೆ, ಒತ್ತಡವೇರುತ್ತದೆ, ಮಡಿಕೆ ಬಿಚ್ಚಿ ನೆಟ್ಟಗಾಗುತ್ತದೆ, ಗಾಳಿ ನುಗ್ಗಿಹೋಗಿ ಮತ್ತೆ ಮಡಿಚಿಕೊಳ್ಳುತ್ತದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗಾಗಿ ಟ್ರಿನಿಡಾಡಿನ ಕಲಾವಿದ ಪೀಟರ್ ಮಿನ್‌ಶಾಲ್ ಮತ್ತು ಇಸ್ರೇಲಿನ ಡೊರಾನ್ ಗಾಜಿಟ್ ಇದನ್ನು ರೂಪಿಸಿದರು.

ಇನ್ನು ಗೊಂಬೆಯನ್ನು ನಿಲ್ಲಿಸುವ ಒತ್ತಡವೆಷ್ಟು? ಕೇವಲ 3 ಸೆಂಟಿಮೀಟರ್ ನೀರಿನ ಮಟ್ಟದಷ್ಟು, ಎಂದರೆ ಸುಮಾರು 300 ಪಾಸ್ಕಲ್ ಸಾಕೆನ್ನೋಣ. ಅಲ್ಪವೆಂದು ಹೀಗಳೆಯಬಾರದು, ಒಂದು ಚದರ ಮೀಟರ್ ಬಟ್ಟೆಯ ಮೇಲೆ ಅದು 30 ಕಿಲೋಗ್ರಾಂ ತೂಕದ ಬಲವಾಗುತ್ತದೆ. ಆಷಾಢದ ಗಾಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬೀಸಿದರೆ ಅದರ ಒತ್ತಡ ಸುಮಾರು 55 ಪಾಸ್ಕಲ್. 20 ಮೀಟರ್ ವೇಗದಲ್ಲಿ ಸುಮಾರು 220. ಗೊಂಬೆ ಬಗ್ಗದೆ ನಿಲ್ಲುವುದು ಒಳಗಿನ ಒತ್ತಡವು ಇದನ್ನು ಮೀರಿಸಿರುವುದರಿಂದ. ಉರುಳದೆ ನಿಲ್ಲಲು ಮಾತ್ರ ಹಗ್ಗ ಗೂಟಗಳೇ ಬೇಕು.

ಈಗ ಕರಗವು ಬೀದಿಗೆ ಬಂದಿದೆ, ಬೀದಿಯ ಮೇಲೊಂದು ಗಾಳಿಯ ಕಮಾನಿದೆ, ವಿದ್ಯುತ್ತು ಹೋಯಿತು ಎಂದು ಕಲ್ಪಿಸಿಕೊಳ್ಳೋಣ. ಒಳಗೆ 3,000 ಲೀಟರ್ ಗಾಳಿಯಿದೆ, ಅದು ಸೋರಿಹೋಗಲು ಕಾಲ ಹಿಡಿಯುತ್ತದೆ, ಅಷ್ಟರಲ್ಲಿ ಜನ ಸರಿಯಬಹುದು ಎಂದು ತೋರೀತು. ಲೆಕ್ಕ ಹಾಕಿದರೆ ಚಿತ್ರವೇ ಬೇರೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ರಾಮನಗರದಲ್ಲಿ ವಾಯುಮಂಡಲದ ಒತ್ತಡ ಸುಮಾರು 93,000 ಪಾಸ್ಕಲ್. ನಮ್ಮ 300 ಪಾಸ್ಕಲ್ ಅದರ ಮುನ್ನೂರರಲ್ಲಿ ಒಂದು ಭಾಗ. ಬಟ್ಟೆ ಹಿಗ್ಗದೆಂದು ಇಟ್ಟುಕೊಂಡರೆ, ಕಮಾನನ್ನು ಬಿಗಿಯಾಗಿ ನಿಲ್ಲಿಸಿರುವುದು 3,000 ಲೀಟರಿನಲ್ಲಿ ಕೇವಲ 10 ಲೀಟರ್ ಹೆಚ್ಚುವರಿ ಗಾಳಿ! ಬ್ಲೋಯರಿನ ಬಾಯಿ 10 ಸೆಂಟಿಮೀಟರ್ ವ್ಯಾಸದ್ದಾದರೆ ಅಷ್ಟು ಗಾಳಿ ಹೊರಹೋಗಲು ಅರ್ಧ ಸೆಕೆಂಡೂ ಬೇಡ. ಬಟ್ಟೆಯ ಹಿಗ್ಗು, ಫ್ಯಾನಿನ ಉಳಿದ ವೇಗ ಇವು ಕೆಲವು ಸೆಕೆಂಡುಗಳ ಅವಕಾಶವನ್ನು ಕೊಟ್ಟಾವು. ತುಂಬಲು ಒಂದು ನಿಮಿಷ ಹಿಡಿದ ವಸ್ತುವು ಬಗ್ಗಲಾರಂಭಿಸುವುದು ಕ್ಷಣಮಾತ್ರದಲ್ಲಿ. ಒದ್ದೆಯಾದ ಬಟ್ಟೆಯು 230 ವೋಲ್ಟಿನ ತಂತಿಗಳನ್ನೂ ಎಳೆದುಕೊಂಡು ಜನರ ಮೇಲೆ ಇಳಿಯುತ್ತದೆ.

ಬ್ಲೋಯರಿನ ಬಾಯಿಗೆ ಏಕಮುಖ ಕವಾಟವನ್ನು ಹಾಕಿದರೆ ಕುಸಿತ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಹೊಲಿಗೆಯ ತೂತುಗಳಲ್ಲಿಯೂ ಗಾಳಿ ಸೋರುತ್ತಿರುತ್ತದೆ. ಬೀದಿಗೆ ಅಡ್ಡಲಾದ ಕಮಾನನ್ನು ಎರಡು ಕಡೆಯ ಗಟ್ಟಿ ಕಂಬಗಳ ನಡುವೆ ಬಿಗಿದ ಹಗ್ಗಕ್ಕೆ ತೂಗಬಿಡುವುದೇ ನಮಗೆ ಸರಿಯೆಂದು ತೋರುತ್ತದೆ. ಬ್ಲೋಯರುಗಳ ಮಾರ್ಗಕ್ಕೆ 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿದುಹಾಕುವ ರಕ್ಷಕ ಸ್ವಿಚ್ಚು ಇರತಕ್ಕದ್ದು. ದೀಪಗಳಿಗೆ ಬೇರೆಯೇ ಮಾರ್ಗವಿರಲಿ. ಒಂದು ಕೆಟ್ಟರೆ ಬೀದಿಯೆಲ್ಲ ಕತ್ತಲಾಗಬಾರದಷ್ಟೆ.

ವಿದ್ಯುತ್ತು ಮರಳಿದಾಗಲೂ ಎಚ್ಚರ ಬೇಕು. ಓಡುವಾಗ ಒಂದೊಂದು ಆಂಪಿಯರ್, ಹೊರಡುವಾಗ ಆರಾರು ಆಂಪಿಯರ್ ಬೇಡುವ ಹತ್ತು ಬ್ಲೋಯರುಗಳು ಒಟ್ಟಿಗೆ ಎದ್ದರೆ 60 ಆಂಪಿಯರ್ ಬೇಕಾಗುತ್ತದೆ; ಬಾಡಿಗೆಯ ಜನರೇಟರು ಇದನ್ನು ತಾಳಲಾರದೆ ಮತ್ತೆ ನಿಲ್ಲುವುದುಂಟು. ಎರಡೆರಡು ಸೆಕೆಂಡಿನ ಅಂತರದಲ್ಲಿ ಒಂದೊಂದನ್ನೇ ಎಬ್ಬಿಸುವಂತೆ ಗಣಕಕ್ಕೆ ಮೊದಲೇ ಬರೆದಿಟ್ಟರೆ ಅಗತ್ಯವಾದ ಪ್ರವಾಹವು ಯಾವ ಕ್ಷಣದಲ್ಲಿಯೂ 15 ಆಂಪಿಯರನ್ನು ಮೀರುವುದಿಲ್ಲ. ಬೀದಿಯ ಮೊದಲ ಬ್ಲೋಯರು ಎದ್ದ 18 ಸೆಕೆಂಡುಗಳಿಗೆ ಕೊನೆಯ ಬ್ಲೋಯರು ಊದಲು ತೊಡಗುತ್ತದೆ.